ಕಾಲದ ನಿರಿಗೆ ಮತ್ತು ಕೊಣ್ಣೂರಿನ ಐದು ಪತ್ರಗಳು

ಕಳೆದ ಎರಡು ತಿಂಗಳಲ್ಲಿ ಕೊಣ್ಣೂರಿನಿಂದ ನಮಗೆ ಒಂದೇ ಪುಸ್ತಕವನ್ನು ಕುರಿತು ಐದು ಪತ್ರಗಳು ಬಂದಿವೆ. ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ನೇಮನಿಷ್ಠೆಗಳನ್ನೋ, ಮಕ್ಕಳ ಲಿಂಗದೀಕ್ಷೆಯ ವಯಸ್ಸನ್ನೋ, ವಚನವೊಂದರ ಪಾಠಾಂತರವನ್ನೋ ಕುರಿತವು. ಮಕ್ಕಳ ಕಾದಂಬರಿಯೊಂದರ ವಿಷಯವಾಗಿ ಒಂದೇ ಊರಿನಿಂದ ಐದು ಪತ್ರಗಳು, ಅದರಲ್ಲಿಯೂ ಒಂದಕ್ಕೊಂದು ತಾಳೆಯಾಗದ ಐದು ಪತ್ರಗಳು, ಬಂದುದು ಇದೇ ಮೊದಲು. ವಿದೇಶದಲ್ಲಿ ನೆಲೆಸಿದ ಕುಟುಂಬವೊಂದರ ಬಾಲಕಿ ರಜೆಗೆಂದು ಅಜ್ಜನ ಮನೆಗೆ ಬಂದವಳು ತನ್ನ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಹೋದಳಂತೆ. ಅದು ಓಣಿಯ ಇಂಗ್ಲಿಷ್ ಮಾಧ್ಯಮದ ಮಕ್ಕಳ ಕೈಗೆ ಸಿಕ್ಕಿತು. ಮಕ್ಕಳು ಕಥೆಯನ್ನು ಕನ್ನಡದಲ್ಲಿ ಮನೆಯವರಿಗೆ ಹೇಳಿದರು. ಹಿರಿಯರಲ್ಲಿ ವಾದ ಹುಟ್ಟಿತು. ‘ಇಂಥ ಪುಸ್ತಕ ನಮ್ಮ ಮನೆಗಳಲ್ಲಿ ಇರಬಹುದೇ?’ ಎಂಬ ಪ್ರಶ್ನೆ ಈಗ ನಮ್ಮವರೆಗೆ ಬಂದಿದೆ. ನಾವು ಆ ಪುಸ್ತಕವನ್ನು ತರಿಸಿ, ಎರಡು ಸಲ ಓದಿದ ಮೇಲೆಯೇ ಲೇಖನಿ ಹಿಡಿದಿದ್ದೇವೆ.

ಪುಸ್ತಕದ ಹೆಸರು ‘ಎ ರಿಂಕಲ್ ಇನ್ ಟೈಮ್’. ಬರೆದವರು ಅಮೆರಿಕದ ಮ್ಯಾಡೆಲಿನ್ ಲೆಂಗಲ್ (1918–2007). 26 ಪ್ರಕಾಶಕರು ಇದನ್ನು ಹಿಂದಿರುಗಿಸಿದರೆಂದು ಲೇಖಕಿಯೇ ಹೇಳುತ್ತಿದ್ದರು. 1962ರಲ್ಲಿ ಕೊನೆಗೂ ಅಚ್ಚಾಯಿತು. ಮರುವರ್ಷವೇ, 1963ರಲ್ಲಿ, ಅಮೆರಿಕದ ಗ್ರಂಥಾಲಯ ಸಂಘವು ಮಕ್ಕಳ ಪುಸ್ತಕಕ್ಕಾಗಿ 1922ರಿಂದ ಕೊಡುತ್ತ ಬಂದಿರುವ ನ್ಯೂಬರಿ ಪದಕ ಇದಕ್ಕೆ ಸಂದಿತು. ನಮ್ಮಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದಂತೆ ಎನ್ನೋಣ.

ಕಥೆಯನ್ನು ಚುಟುಕಾಗಿ ಹೇಳಬೇಕು. ಮೆಗ್ ಎಂಬ ಹುಡುಗಿ. ಕಣ್ಣಿಗೆ ಕನ್ನಡಕ, ಹಲ್ಲಿಗೆ ತಂತಿ, ಶಾಲೆಯಲ್ಲಿ ಜಗಳಗಂಟಿ ಎಂಬ ಹೆಸರು. ಅವಳ ತಂದೆ ವಿಜ್ಞಾನಿ. ಸರಕಾರದ ಗುಪ್ತ ಕಾರ್ಯಕ್ಕೆ ಹೋದವನು, ಪತ್ರಗಳೂ ನಿಂತುಹೋಗಿವೆ. ಊರ ಜನ ಆಡಿಕೊಳ್ಳುತ್ತಾರೆ. ಒಂದು ಬಿರುಗಾಳಿಯ ರಾತ್ರಿ ವಿಚಿತ್ರ ಮುದುಕಿಯೊಬ್ಬಳು ಮನೆಗೆ ಬರುತ್ತಾಳೆ. ಅವಳಿಗೆ ಇನ್ನಿಬ್ಬರು ಜೊತೆಗಾರ್ತಿಯರು. ಅವರು ಮೆಗ್‌ಳನ್ನೂ, ಅವಳ ಐದು ವರ್ಷದ ತಮ್ಮ ಚಾರ್ಲ್ಸ್ ವ್ಯಾಲೇಸ್‌ನನ್ನೂ, ಕ್ಯಾಲ್ವಿನ್ ಎಂಬ ಸ್ನೇಹಿತನನ್ನೂ ನಕ್ಷತ್ರಲೋಕಗಳ ಆಚೆ, ತಂದೆ ಸೆರೆಯಲ್ಲಿರುವ ಕಡೆಗೆ ಕರೆದೊಯ್ಯುತ್ತಾರೆ. ಅಷ್ಟು ದೂರ ಹೋಗುವ ಬಗೆಯೇ ಪುಸ್ತಕದ ಹೆಸರು. ಬಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇರುವೆ ನಡೆದರೆ ಬಹಳ ಹೊತ್ತು ಬೇಕು. ಬಟ್ಟೆಯನ್ನು ಮಡಿಚಿ ಎರಡೂ ಅಂಚುಗಳನ್ನು ಕೂಡಿಸಿದರೆ ಇರುವೆ ಒಂದು ಹೆಜ್ಜೆಯಲ್ಲಿ ಆಚೆ ಇರುತ್ತದೆ. ಕೊಣ್ಣೂರಿನ ಒಬ್ಬ ಆಯಿ ಮೊಮ್ಮಗಳಿಂದ ಇದನ್ನು ಕೇಳಿ, ‘ಸೀರಿ ನಿರಿಗಿ ಹಿಡದಂಗ ಅಲ್ಲೇನವಾ?’ ಎಂದರಂತೆ. ಇದಕ್ಕಿಂತ ಒಳ್ಳೆಯ ಅನುವಾದ ನಮಗೆ ಹೊಳೆಯಲಿಲ್ಲ. ಆದುದರಿಂದ ನಾವು ಈ ಪುಸ್ತಕವನ್ನು ‘ಕಾಲದ ನಿರಿಗೆ’ ಎಂದೇ ಕರೆಯುತ್ತೇವೆ.

ತಂದೆ ಸೆರೆಯಲ್ಲಿರುವ ಲೋಕದಲ್ಲಿ ಮನೆಗಳೆಲ್ಲ ಒಂದೇ ತೆರ. ಮನೆಯ ಮುಂದೆ ಮಕ್ಕಳೆಲ್ಲ ಒಂದೇ ಲಯದಲ್ಲಿ ಚೆಂಡು ಪುಟಿಸುತ್ತಾರೆ, ಒಂದೇ ಗಳಿಗೆಗೆ ಒಳಗೆ ಹೋಗುತ್ತಾರೆ. ಒಬ್ಬ ಹುಡುಗನ ಚೆಂಡು ತಪ್ಪಿ ಉರುಳಿದರೆ ಅವನ ತಾಯಿ ಭಯದಿಂದ ನಡುಗುತ್ತಾಳೆ. ಎಲ್ಲರ ಪರವಾಗಿ ಯೋಚಿಸುವುದು ದೇಹವಿಲ್ಲದ ಒಂದು ದೊಡ್ಡ ಮಿದುಳು. ಇದನ್ನು ಕೇಳಿಯೂ ಅದೇ ಆಯಿ ಒಂದು ಮಾತು ಹೇಳಿದ್ದಾರೆ: ಗೋಕಾಕ ಫಾಲ್ಸಿನ ಗಿರಣಿಯ ಭೋಂಗಾ ಆದಾಗ ಹಿಂದಕ್ಕೆ ಊರೆಲ್ಲ ಒಮ್ಮೆಗೇ ಏಳುತ್ತಿತ್ತು, ಆದರೆ ಎದ್ದ ಮೇಲೆ ಮನೆಗೊಂದು ಜಗಳ ಬೇರೆ ಇರುತ್ತಿತ್ತು ಎಂದು. ವಿಮರ್ಶಕರು ಈ ಲೋಕವನ್ನು ಅಂದಿನ ಶೀತಲ ಸಮರದ ಕನ್ನಡಿ ಎಂದು ಬಗೆದು ಪುಟಗಟ್ಟಲೆ ಬರೆದಿದ್ದಾರೆ. ಆಯಿಯ ಮಾತು ನಮಗೆ ಅದಕ್ಕಿಂತ ಹೆಚ್ಚು ಹಿಡಿಸಿತು.

ಇನ್ನು ಪತ್ರಗಳು. ನಿವೃತ್ತ ಶಿಕ್ಷಕರೊಬ್ಬರ ಆಕ್ಷೇಪ ಮೊದಲನೆಯದು. ಮಾಟಗಾತಿಯರಂಥ ಮುದುಕಿಯರು, ಭವಿಷ್ಯ ತೋರುವ ಗಾಜಿನ ಗೋಲ, ರೆಕ್ಕೆಯ ಕುದುರೆಯಾಗುವ ಹೆಂಗಸು, ಇವೆಲ್ಲ ನಮ್ಮ ಮಕ್ಕಳಿಗೆ ಏಕೆ? ಕ್ಷುದ್ರ ದೈವಗಳನ್ನೂ ಭೂತಪ್ರೇತಗಳ ಅಂಜಿಕೆಯನ್ನೂ ಶರಣರು 12ನೆಯ ಶತಮಾನದಲ್ಲಿಯೇ ಕಿತ್ತೊಗೆದ ನಾಡಿನಲ್ಲಿ ಅದನ್ನೇ ಬಣ್ಣದ ಹೊದಿಕೆ ಹಾಕಿ ಮರಳಿ ತರುವುದೇ? ಎರಡನೆಯವರು ವಕೀಲರು. ಅವರಿಗೆ ಪುಸ್ತಕದ ಒಳಗೆ ಕ್ರೈಸ್ತ ಮತದ ಬೋಧೆ ಕಂಡಿದೆ. ಮೂರನೆಯವನು ಕಾಲೇಜು ಹುಡುಗ. ಹ್ಯಾರಿ ಪಾಟರನ ಮುಂದೆ ಇದು ಸಪ್ಪೆ, ಕೊನೆಯಂತೂ ಹತ್ತು ನಿಮಿಷದಲ್ಲಿ ಮುಗಿಸಿದಂತಿದೆ ಎಂದು ಬರೆದಿದ್ದಾನೆ. ನಾಲ್ಕನೆಯದು ಆಯಿಯ ಮಾತುಗಳನ್ನು ಮೊಮ್ಮಗಳು ಬರೆದು ಕಳಿಸಿದ ಪತ್ರ. ಐದನೆಯದು ಒಬ್ಬ ತಾಯಿಯದು. ಅದಕ್ಕೆ ಕಡೆಯಲ್ಲಿ ಬರುತ್ತೇವೆ.

ಕುತೂಹಲದ ಸಂಗತಿಯೆಂದರೆ, ಮೊದಲ ಎರಡು ಆಕ್ಷೇಪಗಳನ್ನು ಅಮೆರಿಕದ ತಂದೆತಾಯಿಗಳೇ ನಮಗಿಂತ ಮೊದಲು ಎತ್ತಿದ್ದರು. 1990ರಿಂದ 1999ರವರೆಗೆ ಆ ದೇಶದ ಶಾಲೆ, ಗ್ರಂಥಾಲಯಗಳಿಂದ ತೆಗೆದುಹಾಕಿರೆಂದು ಜನ ಅತಿ ಹೆಚ್ಚು ದೂರು ಕೊಟ್ಟ 100 ಪುಸ್ತಕಗಳ ಪಟ್ಟಿಯಲ್ಲಿ ಇದಕ್ಕೆ 23ನೆಯ ಸ್ಥಾನ. ಪದಕ ಕೊಟ್ಟ ಸಂಘವೇ ಆ ಪಟ್ಟಿಯನ್ನೂ ಸಿದ್ಧಪಡಿಸಿತು! ದೂರಿದವರಲ್ಲಿ ಬಹುಮಂದಿ ನಿಷ್ಠಾವಂತ ಕ್ರೈಸ್ತರು. ಇದರಲ್ಲಿ ಮಾಟವಿದೆ, ಇದು ಕ್ರೈಸ್ತಧರ್ಮಕ್ಕೆ ವಿರುದ್ಧ ಎಂಬುದು ಅವರ ವಾದ. ಇತ್ತ ಧರ್ಮದ ಗೊಡವೆ ಬೇಡವೆನ್ನುವ ಓದುಗರು ಇದರಲ್ಲಿ ಕ್ರೈಸ್ತಧರ್ಮ ಅತಿಯಾಯಿತು ಎಂದರು. ನಮ್ಮ ಶಿಕ್ಷಕರೂ ವಕೀಲರೂ ಕೊಣ್ಣೂರಿನ ಒಂದೇ ಓಣಿಯಲ್ಲಿ ಕುಳಿತು ಎರಡೂ ಪಕ್ಷಗಳನ್ನು ವಹಿಸಿದಂತಾಯಿತು.

ಜಗಳಕ್ಕೆ ಮುಖ್ಯ ಕಾರಣ ಪುಸ್ತಕದ ಒಂದು ಪುಟ. ಲೋಕವನ್ನು ಮುಸುಕುತ್ತಿರುವ ಕತ್ತಲೆಯೊಡನೆ ನಮ್ಮ ಭೂಮಿಯಿಂದ ಹೋರಾಡಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮೊದಲು ಏಸುವಿನ ಹೆಸರು. ಹಿಂದೆಯೇ ಲಿಯೊನಾರ್ಡೊ, ಶೇಕ್ಸ್‌ಪಿಯರ್, ಪ್ಯಾಶ್ಚರ್, ಮದಾಮ್ ಕ್ಯೂರಿ, ಐನ್‌ಸ್ಟೈನ್. ನಮ್ಮ ಗಾಂಧೀಜಿ, ಭಗವಾನ್ ಬುದ್ಧ. ಏಸುವನ್ನು ಇತರರ ಸಾಲಿನಲ್ಲಿ ನಿಲ್ಲಿಸಿದ್ದು ಅಲ್ಲಿಯವರಿಗೆ ತಪ್ಪಾಗಿ ಕಂಡಿತು. ಸಾಲಿನ ಮೊದಲಿಗೆ ನಿಲ್ಲಿಸಿದ್ದು ನಮ್ಮ ವಕೀಲರಿಗೆ ತಪ್ಪಾಗಿ ಕಂಡಿದೆ. ಲೇಖಕಿ ಶ್ರದ್ಧಾವಂತ ಕ್ರೈಸ್ತಳು. ಅದನ್ನು ಆಕೆ ಎಂದೂ ಬಚ್ಚಿಟ್ಟವಳಲ್ಲ. ತನ್ನ ಮನೆಯ ದೀಪದಿಂದ ಕತ್ತಲೆಯನ್ನು ನೋಡಿದವಳು ಆ ದೀಪವನ್ನು ಮೊದಲು ಹೆಸರಿಸಿದರೆ ಅದು ಮತಾಂತರದ ಹೂಟವಾಗುವುದಿಲ್ಲ. ನಮಗೆ ಕಾಣುವ ಕೊರತೆ ಬೇರೆ: ಪಟ್ಟಿ ಬಹುಪಾಲು ಯುರೋಪಿನದು. ಕೊಣ್ಣೂರಿನ ಆ ಪ್ರತಿಯ ಅಂಚಿನಲ್ಲಿ ಯಾವುದೋ ಮಗು ಪೆನ್ಸಿಲಿನಿಂದ ಬಸವಣ್ಣ, ಅಕ್ಕಮಹಾದೇವಿ, ಕಿತ್ತೂರ ಚೆನ್ನಮ್ಮ ಎಂದು ಸೇರಿಸಿದೆಯೆಂದು ವಕೀಲರೇ ದೂರಿನ ಧಾಟಿಯಲ್ಲಿ ತಿಳಿಸಿದ್ದಾರೆ. ಪರರ ಪುಸ್ತಕದಲ್ಲಿ ಬರೆಯಬಾರದು, ನಿಜ. ಆದರೂ ಆ ಮಗು ಯಾರೆಂದು ತಿಳಿದರೆ ಒಂದು ಹೊಸ ಪೆನ್ಸಿಲು ಕಳಿಸುವ ಆಸೆ ನಮಗಿದೆ.

ಶಿಕ್ಷಕರ ಆಕ್ಷೇಪ ಇದಕ್ಕಿಂತ ತೂಕದ್ದು. ಶರಣರು ಕ್ಷುದ್ರ ದೈವಗಳಿಗೆ ಅಂಜುವುದನ್ನೂ ಅಡ್ಡಬೀಳುವುದನ್ನೂ ಬೇಡವೆಂದರು. ಆದರೆ ಅದ್ಭುತವಾದ ಕಥೆಯನ್ನು ಹೇಳಬೇಡಿರೆಂದು ಹೇಳಿದರೆ? ಹಾಗಿದ್ದ ಪಕ್ಷದಲ್ಲಿ ಹರಿಹರನು ಕುಂಬಾರ ಗುಂಡಯ್ಯನ ರಗಳೆಯನ್ನು ಬರೆಯುತ್ತಿರಲಿಲ್ಲ. ಮಡಕೆ ತಟ್ಟುವ ಭಕ್ತನ ಕುಣಿತಕ್ಕೆ ಶಿವನೇ ಕುಣಿದು, ಅವನೊಡನೆ ಲೋಕವೆಲ್ಲ ಕುಣಿಯುವುದು ಮತ್ತೇನು? 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆ ಬನವಸಿಯ ಅರಸುಮಗಳಾಗಿ ಹುಟ್ಟುತ್ತಾಳೆ, ಮದ್ದಳೆಗಾರ ಅಲ್ಲಮ ಅವಳ ಕೈಗೆ ಸಿಕ್ಕೂ ಸಿಗುವುದಿಲ್ಲ. ಮಠದಲ್ಲಿ ಈ ಕಾವ್ಯವನ್ನು ಓದುತ್ತಿದ್ದ ಕಾಲದಲ್ಲಿ ನಾವು ಹದಿನಾಲ್ಕರ ಹುಡುಗರು. ತತ್ತ್ವ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಅಂದು ತಿಳಿದುದು ಮದ್ದಳೆಯ ದನಿ ಮಾತ್ರ. ಅದು ಮೊದಲು ಕಿವಿಗೆ ಬೀಳದೆ ಹೋಗಿದ್ದರೆ ತತ್ತ್ವ ಬರಲು ಬಾಗಿಲೇ ಇರುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಕೊಣ್ಣೂರಿನವರಿಗಂತೂ ಇದನ್ನು ಹೇಳಲು ಪುರಾಣಕಾಲಕ್ಕೆ ಹೋಗಬೇಕಾಗಿಲ್ಲ. ಅದೇ ಘಟಪ್ರಭೆಯ ದಂಡೆಯ, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದವರು ಚಂದ್ರಶೇಖರ ಕಂಬಾರರು. ಬಡತನದಿಂದ ಶಾಲೆ ಬಿಡುವಂತಾದಾಗ ಅವರನ್ನು ಓದಿಸಿದವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಮುಂದೆ ಅವರು ಬರೆದುದೇನು? ಮನುಷ್ಯ ಹಾವಾಗುವ ಜನಪದ ಕಥೆಯ ಮೇಲೆ ನಿಂತ ‘ಸಿರಿಸಂಪಿಗೆ’; ಅದಕ್ಕೆ 1991ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ. 2010ನೆಯ ಸಾಲಿನ ಜ್ಞಾನಪೀಠವೂ ಅವರಿಗೆ ಬಂದಿತು. ಇನ್ನು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಅವರು ಈ ಭಾಗದ ಮುದುಕಿಯರ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. ಹುಡುಗಿಯೊಬ್ಬಳು ಹೂವಿನ ಗಿಡವಾಗುವ ಕಥೆಯ ಹೆಸರನ್ನೇ ಹೊತ್ತ ಅವರ ಕನ್ನಡ ಕಥೆಗಳ ಇಂಗ್ಲಿಷ್ ಸಂಗ್ರಹ, ಅವರು ಗತಿಸಿದ ನಾಲ್ಕು ವರ್ಷಗಳ ಮೇಲೆ, 1997ರಲ್ಲಿ ಹೊರಬಂದಿತು. ವಚನಗಳನ್ನು 1973ರಲ್ಲಿ ಇಂಗ್ಲಿಷಿಗೆ ಕೊಟ್ಟ ಕೈಯೂ ಅದೇ. ಅವರಿಗೆ ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಹಾಗೆಂದು ಎಲ್ಲ ಅದ್ಭುತವೂ ಒಳ್ಳೆಯದೆಂದು ನಾವು ಹೇಳುವವರಲ್ಲ. ಟಿವಿಯಲ್ಲಿ ಸಂಜೆಯಾದರೆ ಬರುವ ಸೇಡಿನ ನಾಗಿಣಿಯರನ್ನು ಮಕ್ಕಳೊಡನೆ ಕುಳಿತು ನೋಡುವ ಮನೆಗಳು ಈ ಪುಸ್ತಕದ ಮೇಲೆ ಮಾತ್ರ ಕಣ್ಣು ಕೆಂಪಗೆ ಮಾಡುವುದು ವಿಚಿತ್ರ. ಕಥೆ ಮುಗಿದ ಮೇಲೆ ಮಗು ಕತ್ತಲೆಯ ಕೋಣೆಗೆ ಹೋಗಲು ಅಂಜುತ್ತದೆಯೋ, ಅಥವಾ ತಾನೇ ಎದ್ದು ದೀಪ ಹಾಕುತ್ತದೆಯೋ ಎಂಬುದನ್ನು ಮನೆಯವರು ನೋಡಬೇಕು. ‘ಕಾಲದ ನಿರಿಗೆ’ ಎರಡನೆಯ ಬಗೆಯದು.

ಕಾಲೇಜು ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಐದು ವರ್ಷದ ಚಾರ್ಲ್ಸ್ ವ್ಯಾಲೇಸ್ ಪಂಡಿತನಂತೆ ಮಾತನಾಡುವುದು ನಂಬಲು ಕಷ್ಟ. ಮುದುಕಿಯರಲ್ಲಿ ಒಬ್ಬಳು ನಾನಾ ಭಾಷೆಗಳ ಸೂಕ್ತಿಗಳನ್ನು ಉದುರಿಸುತ್ತಲೇ ಇರುವುದು ಬೇಸರ ತರುತ್ತದೆ. ನಾವೇ ಸುಭಾಷಿತಪ್ರಿಯರು, ನಮಗೂ ಸಾಕೆನಿಸಿತು. ಕೊನೆಯೂ ಅವಸರದ್ದು. 2018ರಲ್ಲಿ ಇದು ದೊಡ್ಡ ಚಲನಚಿತ್ರವಾದಾಗಲೂ ಜನರ ಅಭಿಪ್ರಾಯ ಹೀಗೆಯೇ ಎರಡಾಗಿ ಒಡೆಯಿತು.

ಈಗ ಐದನೆಯ ಪತ್ರ. ಬರೆದ ತಾಯಿಯ ಪತಿ ಸೈನ್ಯದಲ್ಲಿದ್ದಾರೆ; ರಜೆಯಲ್ಲಿ ಮಾತ್ರ ಊರಿಗೆ ಬರುವುದು. ಮನೆಯಲ್ಲಿ ಏನೇ ತೊಡಕಾದರೂ, ಅತ್ತೆಯವರ ಕಾಯಿಲೆಯಾಗಲಿ, ಹೊಲದ ಬದುವಿನ ತಕರಾರಾಗಲಿ, ‘ನಿಮ್ಮಪ್ಪ ಬರ್ಲಿ, ಎಲ್ಲಾ ಸರಿ ಆಗ್ತೈತಿ’ ಎಂದು ಹನ್ನೊಂದು ವರ್ಷದ ಮಗಳಿಗೆ ಹೇಳುತ್ತ ಬಂದಿದ್ದಾರೆ. ಮಗಳು ಪುಸ್ತಕವನ್ನು ಓದಿದಳು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಕುಳಿತು ಕೇಳಿದಳು: ‘ಯವ್ವಾ, ಈ ಪುಸ್ತಕದಾಗ ಅಪ್ಪ ಸಿಕ್ಕ ಮ್ಯಾಲೂ ಏನೂ ಸರಿ ಆಗಂಗಿಲ್ಲಲ್ಲ. ನಮ್ಮ ಮನ್ಯಾಗೂ ಹಂಗ ಆದ್ರ?’ ತಾಯಿಗೆ ಸಿಟ್ಟು ಬಂದಿತೋ ಅಳು ಬಂದಿತೋ ತಿಳಿಯಲಿಲ್ಲವಂತೆ. ಪುಸ್ತಕವನ್ನು ಕಸಿದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾರೆ. ‘ಅಜ್ಜಾರ, ನಾ ಮಾಡಿದ್ದು ಬರೋಬ್ಬರಿ ಐತೋ ಇಲ್ಲೋ ಹೇಳ್ರಿ’ ಎಂದು ಕೇಳಿದ್ದಾರೆ.

ಆ ಹುಡುಗಿ ಪುಸ್ತಕದ ತಿರುಳಿಗೇ ಕೈ ಹಾಕಿದ್ದಾಳೆ. ಮೆಗ್ ಕೂಡ ಇದೇ ನಂಬಿಕೆಯಿಂದ ಹೊರಟವಳು: ತಂದೆ ಸಿಕ್ಕರೆ ಸಾಕು, ಮುಂದಿನದೆಲ್ಲ ಅವನ ಹೊಣೆ. ತಂದೆ ಸಿಗುತ್ತಾನೆ. ಆದರೆ ಅಷ್ಟರಲ್ಲಿ ತಮ್ಮ ಆ ಮಿದುಳಿನ ವಶವಾಗಿರುತ್ತಾನೆ. ತಂದೆ ಮೆಗ್ ಮತ್ತು ಕ್ಯಾಲ್ವಿನ್‌ರನ್ನು ಹೇಗೋ ಪಾರು ಮಾಡುತ್ತಾನೆ, ಚಿಕ್ಕವನನ್ನು ಅಲ್ಲಿಯೇ ಬಿಟ್ಟು. ಮೆಗ್‌ಳ ಮೈ ಹೆಪ್ಪುಗಟ್ಟಿದೆ. ಅದಕ್ಕಿಂತ ಹೆಚ್ಚಾಗಿ ಮನಸ್ಸು. ಬಾಯಿಗೆ ಬಂದಂತೆ ತಂದೆಯನ್ನು ಬಯ್ಯುತ್ತಾಳೆ. ತಾನು ಸರ್ವಶಕ್ತನಲ್ಲವೆಂದು ಒಪ್ಪಿಕೊಳ್ಳುವುದರ ಹೊರತು ತಂದೆಗೆ ಬೇರೆ ಉತ್ತರವಿಲ್ಲ. ಇಷ್ಟಾದರೆ ಪುಸ್ತಕ ಕ್ರೂರವಾಗುತ್ತಿತ್ತು. ಆದರೆ ಆಮೇಲೆ ಕಣ್ಣಿಲ್ಲದ, ಮೈತುಂಬ ತುಪ್ಪಳದ ಪರಲೋಕದ ಜೀವಿಯೊಂದು ಅವಳನ್ನು ತಾಯಿಯಂತೆ ಮಡಿಲಲ್ಲಿಟ್ಟು ಶುಶ್ರೂಷೆ ಮಾಡುತ್ತದೆ. ಹುಡುಗಿಯ ಸಿಟ್ಟು ಇಳಿಯುತ್ತದೆ. ತಂದೆಗೆ ತನ್ನ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲವೆಂದು ಅವಳಿಗೆ ಕಾಣುತ್ತದೆ. ತಮ್ಮನನ್ನು ಬಿಡಿಸಲು ಅವಳೊಬ್ಬಳೇ ಹೋಗುತ್ತಾಳೆ. ಬಲದಿಂದ ಗೆಲ್ಲಲಾಗದ ಮಿದುಳಿನ ಎದುರು ಅವಳ ಬಳಿ ಇರುವುದು ತಮ್ಮನ ಮೇಲಿನ ಅಕ್ಕರೆ ಒಂದೇ. ಕಳಿಸಿಕೊಡುವಾಗ ತಂದೆಗೆ ಆಗುವ ಸಂಕಟವನ್ನೂ ಲೇಖಕಿ ಬಿಟ್ಟಿಲ್ಲ.

ತಾಯೀ, ನಿಮ್ಮ ಮಗಳ ಪ್ರಶ್ನೆ ತಂದೆಯ ಮೇಲಿನ ಅಪನಂಬಿಕೆಯಲ್ಲ. ಮನೆಯ ಭಾರವೆಲ್ಲ ವರ್ಷವಿಡೀ ನಿಮ್ಮ ಹೆಗಲ ಮೇಲಿರುವುದನ್ನು ಅವಳು ದಿನವೂ ನೋಡುತ್ತಿದ್ದಾಳೆ, ಅದಕ್ಕೇ ಕೇಳಿದಳು. ರಜೆಯಲ್ಲಿ ಬರುವ ಮನುಷ್ಯನಿಗೆ ಬಂದೊಡನೆ ಎಲ್ಲವನ್ನೂ ಸರಿಪಡಿಸುವ ಹೊರೆ ಹೊರಿಸಿದರೆ ಅವರೂ ದಣಿಯುತ್ತಾರೆ; ಸರಿಯಾಗದಿದ್ದರೆ ಮಗಳೂ ಒಳಗೆ ಮುರಿಯುತ್ತಾಳೆ. ಅವಳ ಪ್ರಶ್ನೆಗೆ ‘ಆಗಬಹುದವಾ, ಆವಾಗ ಮೂರೂ ಮಂದಿ ಕೂಡಿ ನೋಡೋಣು’ ಎಂದಷ್ಟೇ ಹೇಳಿದರೂ ಸಾಕಿತ್ತು. ಇಂದು ಹೇಳಿದರೂ ತಡವಾಗಿಲ್ಲ. ಟ್ರಂಕಿನ ಕೀಲಿ ತೆಗೆಯಿರಿ. ಪುಸ್ತಕದಲ್ಲಿ ಒಟ್ಟು 12 ಅಧ್ಯಾಯಗಳಿವೆ. ತಂದೆ ಸಿಕ್ಕ ಮೇಲಿನ ಕಥೆ ಕಡೆಯ ಮೂರರಲ್ಲಿದೆ. ನಿಮ್ಮ ಯಜಮಾನರು ರಾತ್ರಿ ಫೋನು ಮಾಡುತ್ತಾರೆಂದು ಬರೆದಿದ್ದೀರಿ. ಆ ಮೂರು ಅಧ್ಯಾಯಗಳನ್ನು ದಿನಕ್ಕಿಷ್ಟರಂತೆ ಮಗಳೇ ಕನ್ನಡದಲ್ಲಿ ಅವರಿಗೆ ಹೇಳಲಿ, ನೀವು ಪಕ್ಕದಲ್ಲಿ ಕುಳಿತು ಕೇಳಿರಿ. ಅವರು ಏನೆಂದರೆಂಬುದನ್ನು ನಮಗೆ ಬರೆದು ತಿಳಿಸಿರಿ.