ಗ್ರೈಂಡರ್ ಚಕ್ರದ ಖರೀದಿ: ಮಾಲೀಕರ ಮೇಜಿಗೆ ಬರಬೇಕಾದ ವಿಷಯ

ಯಂತ್ರವೊಂದನ್ನು ಕೊಳ್ಳುವಾಗ ಸಣ್ಣ ಉದ್ದಿಮೆದಾರರು ಮೂರು ಕಡೆಯಿಂದ ದರಪಟ್ಟಿ ತರಿಸುತ್ತಾರೆ; ಸಾಲದ ಬಡ್ಡಿ, ಸವಕಳಿ, ಖಾತರಿಯ ಅವಧಿ ಎಲ್ಲವನ್ನೂ ತೂಗಿ ನೋಡುತ್ತಾರೆ. ಆದರೆ ಅದೇ ಯಂತ್ರಕ್ಕೆ ಜೋಡಿಸುವ ಕಟಿಂಗ್ ವೀಲ್, ಗ್ರೈಂಡಿಂಗ್ ವೀಲ್‌ಗಳ ಖರೀದಿಯು ಚಿಲ್ಲರೆ ಖರ್ಚಿನ ಹಣದಲ್ಲಿ, ಅಂಗಡಿಗೆ ಹೋದ ಹುಡುಗನ ಆಯ್ಕೆಯಲ್ಲಿ ಮುಗಿದುಹೋಗುತ್ತದೆ. ಕೈಯಲ್ಲಿ ಹಿಡಿದು ನಡೆಸುವ ಗ್ರೈಂಡರ್‌ನ ಮಟ್ಟಿಗೆ ಇದು ಅಪಾಯಕರ ಪದ್ಧತಿ. ಏಕೆಂದರೆ ಅಲ್ಲಿ ಸಿಡಿಯುವುದು ಯಂತ್ರವಲ್ಲ, ಚಕ್ರ.

4 ಅಂಗುಲದ ಗ್ರೈಂಡರ್ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ 4 ಅಂಗುಲದ ಚಕ್ರದ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್. ಇಂತಹ ಚಕ್ರಗಳನ್ನು ಸಾಮಾನ್ಯವಾಗಿ 80 ಮೀಟರ್ ಮಿತಿಗೆ ತಯಾರಿಸುವುದರಿಂದ ಚಿಂತೆಯಿಲ್ಲ. ಆಳವಾಗಿ ಕತ್ತರಿಸಬೇಕೆಂದು ಅದೇ ಯಂತ್ರಕ್ಕೆ 7 ಅಂಗುಲದ ಚಕ್ರವನ್ನು ಹಾಕಿದರೆ ಅಂಚಿನ ವೇಗ 104 ಮೀಟರಿಗೆ ಏರುತ್ತದೆ. ಆ ಚಕ್ರದ ಮಿತಿ ನಿಮಿಷಕ್ಕೆ ಸುಮಾರು 8,500 ಸುತ್ತು ಮಾತ್ರ. ಒಳಗಿನ ಸೆಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಮಿತಿಗಿಂತ ಶೇಕಡ 70ರಷ್ಟು ಅಧಿಕ ಭಾರ ಅದರ ಮೇಲೆ ಬೀಳುತ್ತದೆ. ಸಾಲದೆಂಬಂತೆ, ದೊಡ್ಡ ಚಕ್ರ ಹಿಡಿಸಲು ಗಾರ್ಡನ್ನೂ ಬಿಚ್ಚಿಡಲಾಗುತ್ತದೆ.

ಚಕ್ರದ ಮೇಲಿನ ಬರಹವನ್ನು ಓದಿದರೆ ಅರ್ಧ ಅಪಾಯ ತಪ್ಪುತ್ತದೆ. ಅದರ ಮೇಲೆ ನಮೂದಿಸಿದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆಯಿರಕೂಡದು. ರಾಳದಿಂದ ಬಂಧಿಸಿದ ಚಕ್ರಗಳ ನಡುವಿನ ಲೋಹದ ಉಂಗುರದ ಮೇಲೆ ಬಳಕೆಯ ಕೊನೆಯ ದಿನಾಂಕವೂ ಇರುತ್ತದೆ. ತೇವದಲ್ಲಿಟ್ಟರೆ ಅವು ಅದಕ್ಕೂ ಮೊದಲೇ ದುರ್ಬಲವಾಗುತ್ತವೆ. ಕೆಳಗೆ ಬಿದ್ದ ಚಕ್ರವನ್ನು ಬಳಸಬಾರದು. ತೆಳುವಾದ ಕಟಿಂಗ್ ವೀಲ್‌ನ ಪಕ್ಕದಿಂದ ಉಜ್ಜಬಾರದು. ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಜೋಡಿಸಲೇಬಾರದು. ಹೊಸ ಚಕ್ರ ಹಾಕಿದ ಮೇಲೆ, ಅದರ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು, ಅರ್ಧ ನಿಮಿಷ ಬರಿದೇ ತಿರುಗಿಸಿ ನೋಡುವುದು ಒಳಿತು.

“ಗಾರ್ಡ್ ತೆಗೆಯುವವರು ಕಾರ್ಮಿಕರೇ, ಮಾಲೀಕರೇನು ಮಾಡಿಯಾರು?” ಎಂಬ ಆಕ್ಷೇಪಣೆ ಸಾಮಾನ್ಯ. ಇದಕ್ಕೆ ಉತ್ತರ ಲೆಕ್ಕದಲ್ಲಿಯೇ ಇದೆ. 1923ರ ನೌಕರರ ಪರಿಹಾರ ಅಧಿನಿಯಮದಲ್ಲಿ ಒಂದು ಕಣ್ಣು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡ 40 ನಷ್ಟವೆಂದು ಎಣಿಸಲಾಗುತ್ತಿತ್ತು. ಮಾಸಿಕ 15,000 ರೂಪಾಯಿ ವೇತನದ, 25 ವರ್ಷದ ಕಾರ್ಮಿಕನಿಗೆ ಇದರ ಪ್ರಕಾರ ಸಲ್ಲುವ ಪರಿಹಾರ 7,80,876 ರೂಪಾಯಿ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಸೂತ್ರವನ್ನು ಉಳಿಸಿಕೊಂಡಿದೆ. ಇ.ಎಸ್.ಐ. ವ್ಯಾಪ್ತಿಗೆ ಬಾರದ ಘಟಕದಲ್ಲಿ ಈ ಹೊರೆ ಮಾಲೀಕರದೇ. ಕಾರ್ಮಿಕನೇ ಬುದ್ಧಿಪೂರ್ವಕವಾಗಿ ರಕ್ಷಣಾ ಸಾಧನವನ್ನು ತೆಗೆದಿದ್ದರೆ ಇಂತಹ ಗಾಯಗಳಲ್ಲಿ ಮಾಲೀಕರಿಗೆ ವಿನಾಯಿತಿಯುಂಟು, ನಿಜ. ಆದರೆ ಗಾರ್ಡಿನೊಳಗೆ ಹಿಡಿಸದ ಚಕ್ರವನ್ನು ಮಾಲೀಕರೇ ಕೊಡಿಸಿದ್ದರೆ ಆ ವಾದ ಎಷ್ಟು ಹೊತ್ತು ನಿಂತೀತು? ಹೋದ ಕಣ್ಣಿನ ಬೆಲೆಯಂತೂ ಯಾವ ಕೋಷ್ಟಕದಲ್ಲಿಯೂ ಇಲ್ಲ.

ವರ್ತಕರ ಹೊಣೆಯೂ ಕಡಿಮೆಯದಲ್ಲ. “ಯಾವ ಯಂತ್ರಕ್ಕೆ?” ಎಂದು ಕೇಳದೆ ಚಕ್ರವನ್ನು ಮಾರಕೂಡದು. ಅವಧಿ ಮುಗಿದ ಸರಕನ್ನು ರಿಯಾಯಿತಿಯಲ್ಲಿ ಸಾಗಹಾಕುವುದು ವ್ಯಾಪಾರ ಚಾತುರ್ಯವೆನಿಸದು. ಅದನ್ನು ನಷ್ಟವೆಂದು ಬರೆದುಹಾಕಿ ನಾಶಪಡಿಸುವುದೇ ಯೋಗ್ಯ. ಕೊಳ್ಳುವವರೂ ಬಿಲ್ ಪಡೆದೇ ಕೊಳ್ಳಬೇಕು. ಅದರಿಂದ ಜಿ.ಎಸ್.ಟಿ. ಜಮೆ ದೊರೆಯುತ್ತದೆ, ಸರಕು ದೋಷಪೂರಿತವಾಗಿದ್ದರೆ ಕೇಳಲು ಆಧಾರವೂ ಇರುತ್ತದೆ.

ಪೀಣ್ಯವಿರಲಿ, ಬೆಳಗಾವಿಯ ಉದ್ಯಮಬಾಗವಿರಲಿ, ಮಾಡಬೇಕಾದದ್ದು ಅಲ್ಪವೇ. ಖರೀದಿ ಆದೇಶದಲ್ಲಿ ಚಕ್ರದ ಅಳತೆ, ಗರಿಷ್ಠ ಸುತ್ತು, ಕೊನೆಯ ದಿನಾಂಕ ಈ ಮೂರನ್ನು ನಮೂದಿಸಿ ಮಾಲೀಕರು ಸಹಿ ಹಾಕಲಿ. ದೊಡ್ಡ ಚಕ್ರ ಬೇಕಾದ ಕೆಲಸಕ್ಕೆ ದೊಡ್ಡ ಯಂತ್ರವನ್ನೇ ಕೊಳ್ಳಲಿ ಅಥವಾ ಬಾಡಿಗೆಗೆ ತರಲಿ. ಅದು ವ್ಯವಹಾರದ ನ್ಯಾಯವಾದ ವೆಚ್ಚವೇ ಆಗಿದೆ.