ಟವರ್ ಹತ್ತುವವನ ಕೂಲಿ ಯಾರ ಲೆಕ್ಕದಲ್ಲಿ?

ಗ್ರಾಮೀಣ ಪ್ರದೇಶದ ಎಲ್ಲ ಸರಕಾರಿ ಪ್ರೌಢಶಾಲೆಗಳಿಗೆ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಒದಗಿಸುವುದಾಗಿ ಕೇಂದ್ರ ಸರಕಾರವು 2025ರ ಮುಂಗಡಪತ್ರದಲ್ಲಿ ಘೋಷಿಸಿತು. ಅದಕ್ಕೂ ಮೊದಲು, 2023ರ ಆಗಸ್ಟಿನಲ್ಲಿ, ಪರಿಷ್ಕೃತ ಭಾರತ್‌ನೆಟ್ ಯೋಜನೆಗೆ 1,39,579 ಕೋಟಿ ರೂಪಾಯಿ ಮಂಜೂರಾಗಿತ್ತು. ಮೊತ್ತವೇನೋ ದೊಡ್ಡದು. ಆದರೆ ಪಂಚಾಯತಿನವರೆಗೆ ಬಂದ ಕೇಬಲು ಗುಡ್ಡದಾಚೆಯ ಶಾಲೆಯನ್ನೂ ತೋಟದ ನಡುವಣ ಮನೆಯನ್ನೂ ತಲುಪದಿದ್ದಲ್ಲಿ ಉಳಿಯುವ ದಾರಿ ವೈರ್‌ಲೆಸ್ ಆಂಟೆನಾ. ಅದನ್ನು ಕಟ್ಟಲು ಯಾರಾದರೂ ಟವರ್ ಹತ್ತಲೇಬೇಕು. ಆತನ ಕೂಲಿಯ ಬಗ್ಗೆ ನಾವು ಮಾತನಾಡುವುದೇ ಇಲ್ಲ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ನೋಡೋಣ. ಪಶ್ಚಿಮಕ್ಕೆ ಏಲಕ್ಕಿ ಮಲೆ, ಪೂರ್ವಕ್ಕೆ ವರುಸನಾಡು ಬೆಟ್ಟಗಳು, ನಡುವೆ ಗದ್ದೆ, ದ್ರಾಕ್ಷಿ ಮತ್ತು ತೆಂಗಿನ ತೋಟಗಳು. ಮನೆಯಲ್ಲಿ ಕನ್ನಡವನ್ನಾಡುವ ಕಾಪ್ಪಿಲಿಯರ್, ಅನುಪ್ಪರ್ ಸಮುದಾಯಗಳು ಇಲ್ಲಿಯೂ ನೆರೆಯ ದಿಂಡಿಗಲ್ ಜಿಲ್ಲೆಯಲ್ಲಿಯೂ ತಲೆಮಾರುಗಳಿಂದ ನೆಲೆಸಿವೆ. ಅವರ ಮಕ್ಕಳ ನಾಲಗೆಯಲ್ಲಿ ಕನ್ನಡವಿದೆ, ಕಲಿಯುವ ಲಿಪಿ ಬೇರೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಒಂದನೆಯ ತರಗತಿಯ ಕನ್ನಡ ಪುಸ್ತಕವನ್ನು ಇಳಿಸಿಕೊಳ್ಳಬೇಕೆಂದರೂ ಇಂಟರ್ನೆಟ್ ಬೇಕು.

2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಬಹುಭಾಗ ಪರವಾನಗಿಮುಕ್ತವಾಯಿತು. ಕೆಲವು ಸಾವಿರ ರೂಪಾಯಿಗಳ ಉಪಕರಣದಿಂದ ಹಲವು ಕಿಲೋಮೀಟರ್ ದೂರಕ್ಕೆ ಇಂಟರ್ನೆಟ್ ಒಯ್ಯುವುದು ಸಾಧ್ಯವಾಯಿತು. ಈ ತರಂಗಕ್ಕೆ ಎರಡು ತುದಿಗಳ ನಡುವೆ ಅಡ್ಡಿ ಇರಬಾರದು. 10 ಕಿಲೋಮೀಟರ್ ಅಂತರವಿದ್ದರೆ, ದೃಷ್ಟಿರೇಖೆಯ ನಡುಭಾಗದಲ್ಲಿ ಸುಮಾರು 7 ಮೀಟರ್ ಸುತ್ತಳತೆಯಲ್ಲಲ್ಲ, 7 ಮೀಟರ್ ತ್ರಿಜ್ಯದಷ್ಟು ಜಾಗ ತೆರವಾಗಿರಬೇಕು. ಆದುದರಿಂದ ಆಂಟೆನಾ ತೆಂಗಿನ ಮರಗಳ ತಲೆಯಿಂದ ಸಾಕಷ್ಟು ಮೇಲೆ ನಿಲ್ಲಬೇಕಾಗುತ್ತದೆ.

ಹತ್ತುವವನು ಮೇಲಿರುವುದು ಒಂದೆರಡು ಗಂಟೆಯಾದರೂ ಕೂಲಿ ಇಡೀ ದಿನದ್ದು. ಪೇಟೆಯಿಂದ ಬರುವ ಪ್ರಯಾಣ, ಹಗ್ಗ ಹಿಡಿದು ಕೆಳಗೆ ನಿಲ್ಲುವ ಸಹಾಯಕ, ಆಂಟೆನಾದ ಮುಖವನ್ನು ಸರಿಹೊಂದಿಸುವಾಗ ಎದುರು ತುದಿಯಲ್ಲಿ ಇನ್ನೊಬ್ಬ, ಇವೆಲ್ಲವೂ ಸೇರುತ್ತವೆ. ಕೆಲವೇ ರೂಪಾಯಿಗಳ ಕನೆಕ್ಟರ್ ಸಡಿಲವಾದರೂ, ತುಲಾ ಮಳೆಯ ಸಿಡಿಲಿಗೆ ಉಪಕರಣ ಸುಟ್ಟರೂ ಮತ್ತೆ ಅಷ್ಟೇ ಖರ್ಚು. ಎರಡು ಮೂರು ಬಾರಿ ಹತ್ತಿಸಿದರೆ ಕೂಲಿಯೇ ಉಪಕರಣದ ಬೆಲೆಯನ್ನು ಮೀರೀತು.

ಇದರ ಮೇಲೆ ಗಾಳಿ. ತೇನಿಯಲ್ಲಿ ಸಾಲು ಸಾಲಾಗಿ ಗಾಳಿಯಂತ್ರಗಳು ನಿಂತಿರುವುದೇ ನೈಋತ್ಯ ಮಾರುತವು ಕಣಿವೆಗಳ ಮೂಲಕ ರಭಸದಿಂದ ನುಗ್ಗುವುದರಿಂದ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆ ತಮಿಳಿನಲ್ಲಿದೆ. ಅವರ ಆಡಿಯೇ ನಮ್ಮ ತುಳುವರ ಆಟಿ. ಶಾಲೆ ತೆರೆದು, ಹಣ ಕೂಡಿಸಿ, ಉಪಕರಣ ತರಿಸುವಷ್ಟರಲ್ಲಿ ಬರುವುದೂ ಅದೇ ತಿಂಗಳು! ಆ ಗಾಳಿಯಲ್ಲಿ ಹತ್ತಲಾರೆನೆಂದು ಹಿಂದಿರುಗಿದವನಿಗೂ ಆ ದಿನದ ಕೂಲಿ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಸಲ್ಲದಿದ್ದರೆ ಆತ ಹತ್ತಿಬಿಡುತ್ತಾನೆ.

ಖರ್ಚು ಇಳಿಸುವ ಒತ್ತಡ ಬಂದಾಗ ಮೊದಲು ಬಿಟ್ಟುಹೋಗುವುದು ಮೈಗೆ ಪೂರ್ತಿಯಾಗಿ ತೊಡುವ ಸುರಕ್ಷಾ ಪಟ್ಟಿ, ಎರಡು ಕೊಂಡಿಗಳ ಹಗ್ಗ, ವಿಮೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಾದರೂ ಇದೆ. ಕಾಸರಗೋಡಿನ ನಮ್ಮ ಮನೆಗಳಿಗೆ ಅದರ ಪರಿಚಯವುಂಟು. ದಿನಗೂಲಿಗೆ ಕರೆಸಿದ ಟವರ್ ಕೆಲಸಗಾರನ ಹೆಸರೋ, ಅನೇಕ ವೇಳೆ ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ.

ಹತ್ತುವ ಸಂಖ್ಯೆಯನ್ನು ಕಡಿಮೆ ಮಾಡಿ ಹಣ ಉಳಿಸಬಹುದು. ಉಪಕರಣವನ್ನು ನೆಲದಲ್ಲಿಯೇ ಒಂದು ದಿನ ನಡೆಸಿ ನೋಡುವುದು, ಒಂದೇ ಸಲಕ್ಕೆ ಹೆಚ್ಚುವರಿ ಕೇಬಲನ್ನೂ ಎಳೆದಿಡುವುದು, ಅರ್ತಿಂಗ್ ಸರಿಯಾಗಿ ಮಾಡುವುದು ದುಬಾರಿಯಲ್ಲ. ಆತನ ಹಗ್ಗದಲ್ಲಿ ಮಾತ್ರ ಉಳಿತಾಯ ಮಾಡುವಂತಿಲ್ಲ. ನಮ್ಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಮುಂದೆ ಇಂತಹ ಆಂಟೆನಾದ ದರಪಟ್ಟಿ ಬಂದಾಗ, ಹತ್ತುವವನ ಕೂಲಿ, ವಿಮೆ, ಗಾಳಿಯ ದಿನದ ಭತ್ಯೆ ಎಂಬ ಮೂರು ಸಾಲುಗಳು ಅದರಲ್ಲಿ ಬೇರೆಯಾಗಿಯೇ ಇವೆಯೇ ಎಂದು ಹೆತ್ತವರು ಕೇಳಬೇಕು. ಇಲ್ಲವಾದರೆ ಪಟ್ಟಿಯನ್ನು ಹಿಂದಕ್ಕೆ ಕಳುಹಿಸಬೇಕು.