ಹಬ್ಬದ ಶುಭಾಶಯ ಮತ್ತು ಸಮ್ಯಕ್ತ್ವ

ಆಶ್ವಯುಜ ಅಮಾವಾಸ್ಯೆಯ ಮುಂಜಾವಿನಲ್ಲಿ ಬಸದಿಯ ನಿರ್ವಾಣಪೂಜೆ ಮುಗಿಸಿ ಬರುವ ಶ್ರಾವಕನಿಗೆ ನೆರೆಮನೆಯವರು ದೀಪಾವಳಿಯ ಶುಭಾಶಯ ಹೇಳುತ್ತಾರೆ. ಅವರ ಮನದಲ್ಲಿರುವುದು ನರಕಾಸುರವಧೆ, ಲಕ್ಷ್ಮೀಪೂಜೆ, ಬಲೀಂದ್ರನ ಆಗಮನ. ಇವನ ಮನದಲ್ಲಿರುವುದು ಪಾವಾಪುರಿ. ಪರಂಪರೆಯ ಗಣನೆಯಂತೆ ಕ್ರಿ.ಪೂ. 527ರಲ್ಲಿ ಅಲ್ಲಿ ಮುಕ್ತರಾದ ಭಗವಾನ್ ಮಹಾವೀರರು, ಅಂದೇ ಕೇವಲಜ್ಞಾನ ಪಡೆದ ಗೌತಮ ಗಣಧರರು. ‘ಇದು ನಮ್ಮ ದೀಪಾವಳಿಯಲ್ಲ’ ಎಂದು ಒಳಗೊಳಗೇ ಕಸಿವಿಸಿಗೊಳ್ಳುವವರುಂಟು. ಅನ್ಯಮತದ ಹಬ್ಬಕ್ಕೆ ನಾವು ಶುಭ ಕೋರಿದರೆ ಸಮ್ಯಕ್ತ್ವಕ್ಕೆ ಭಂಗವಲ್ಲವೇ ಎಂದು ಕೇಳುವ ಯುವಕರೂ ಉಂಟು.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಸಮ್ಯಗ್ದರ್ಶನದ ಐದು ಅತಿಚಾರಗಳನ್ನು ಎಣಿಸುವಾಗ ಅನ್ಯದೃಷ್ಟಿಯ ಪ್ರಶಂಸೆಯನ್ನೂ ಸಂಸ್ತವವನ್ನೂ ಹೇಳಿದ್ದಾರೆ. ಆದರೆ ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಮೊದಲೇ, ಸಕಲ ಜೀವಿಗಳಲ್ಲಿ ಮೈತ್ರಿಯನ್ನೂ ಗುಣಾಧಿಕರಲ್ಲಿ ಪ್ರಮೋದವನ್ನೂ ಭಾವಿಸಬೇಕೆಂದು ವಿಧಿಸಿದ್ದಾರೆ. ನೆರೆಯವನ ಮನೆ ಹಬ್ಬದಂದು ಸುಖವಾಗಿರಲಿ ಎಂಬ ಮಾತು ಅವನ ತತ್ತ್ವದ ಸ್ತುತಿಯಾಗದು. ಅದು ಆ ಜೀವದ ಮೇಲಿನ ಮೈತ್ರಿ. ಈ ಎರಡನ್ನೂ ಕಲಸಿದರೆ ಶ್ರಾವಕನಿಗೆ ಲೋಕವ್ಯವಹಾರವೇ ಅಸಾಧ್ಯವಾದೀತು. ಇನ್ನು, ಸದ್ಭಾವದಿಂದ ಬಂದ ಶುಭಾಶಯ ಕೇಳಿ ಮನಸ್ಸು ಮುದುಡಿದರೆ, ಅಲ್ಲಿ ಪರೀಕ್ಷಿಸಬೇಕಾದುದು ನಮ್ಮದೇ ಮಾನಕಷಾಯವನ್ನು.

ಹೇಳುವವನಿಗೂ ಹೊಣೆಯಿದೆ. ಭಾಷಾಸಮಿತಿ ಮುನಿಗಳಿಗೆ ವಿಧಿಸಿದ್ದಾದರೂ ಹಿತ, ಮಿತ, ಪ್ರಿಯವಾದ ನುಡಿ ಗೃಹಸ್ಥನಿಗೂ ಭೂಷಣ. ಜಿನಸೇನಾಚಾರ್ಯರ ಹರಿವಂಶಪುರಾಣ ಕ್ರಿ.ಶ. 783ರಷ್ಟು ಹಿಂದೆಯೇ ವೀರನಿರ್ವಾಣದ ನೆನಪಿನ ದೀಪೋತ್ಸವವನ್ನು ಹೇಳುತ್ತದೆ. ಆ ಸಾಕ್ಷ್ಯವನ್ನು ಶುಭಾಶಯಕ್ಕೆ ಅಂಟಿಸಿ, ‘ಹಬ್ಬ ಮೂಲತಃ ನಮ್ಮದು, ನೀವು ಅನಂತರ ಬಂದವರು’ ಎಂದು ಕಳುಹಿಸುವವರಿದ್ದಾರೆ. ಅಂಥ ಶುಭಾಶಯ ನೋಯಿಸುವುದು ಸಹಜ. ಕ್ಷಮಾವಣಿಯಂದು ಒಂದೇ ವಾಟ್ಸ್‌ಆ್ಯಪ್ ಸಂದೇಶವನ್ನು ನೂರಾರು ಜನಕ್ಕೆ ರವಾನಿಸುವುದೂ ನನಗೆ ಒಪ್ಪಿತವಲ್ಲ. ಅರ್ಥ ತಿಳಿಯದ ಅನ್ಯಮತೀಯ ಮಿತ್ರರು, ‘ಇವರು ನನಗೇನು ಅಪರಾಧ ಮಾಡಿದ್ದರು?’ ಎಂದು ತಬ್ಬಿಬ್ಬಾಗುತ್ತಾರೆ!

ಹೊರಗಿನ ಚಿಹ್ನೆಗಳ ವಿಷಯದಲ್ಲಿ ಈ ನಾಡು ಹಿಂದೆ ಕಲಹವನ್ನೂ ಕಂಡಿದೆ, ಸಂಧಾನವನ್ನೂ ಕಂಡಿದೆ. ಪಂಚಮಹಾವಾದ್ಯ, ಕಲಶಗಳ ಹಕ್ಕಿಗಾಗಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಶ್ರವಣಬೆಳಗೊಳದ 1368ರ ಶಾಸನ ಇದನ್ನು ಹೇಳುತ್ತದೆ. ಆ ತೀರ್ಪಿನಿಂದ ಜೈನರು ಜೈನರಾಗಿ ಉಳಿಯುವುದು ತಪ್ಪಲಿಲ್ಲ.

ಗಣೇಶ ಚತುರ್ಥಿಯ ಮರುದಿನವೇ, ಭಾದ್ರಪದ ಶುಕ್ಲ ಪಂಚಮಿಗೆ, ನಮ್ಮ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಚೌತಿಯಂದು ನೆರೆಯವರಿಗೆ ಶುಭ ಕೋರಿ, ‘ನಾಳೆಯಿಂದ ನಮ್ಮ ಪರ್ವ’ ಎಂದಷ್ಟೇ ತಿಳಿಸಿ ನೋಡಿ. ಏನು ಆಚರಣೆ ಎಂದು ಅವರೇ ಕೇಳುತ್ತಾರೆ. ಆಗ ಹತ್ತು ಧರ್ಮಗಳನ್ನು ವಿವರಿಸಬಹುದು. ಅವುಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ.